ಹಳೆಯ ಪಿಕಪ್ಪಿಗೆ ಯಾವ ಎಂಜಿನ್?

ಕೊಟ್ಟಿಗೆಯ ಮೂಲೆಯಲ್ಲಿ ಹುಲ್ಲಿನ ಹೊರೆಯ ಹಿಂದೆ ಹತ್ತಾರು ವರ್ಷ ನಿಂತ ಹಳೆಯ ಪಿಕಪ್ ಲಾರಿಯೊಂದನ್ನು ಹೊರಗೆಳೆದಾಗ, ಸುತ್ತ ಸೇರಿದವರು ಮೊದಲು ಮಾತನಾಡುವುದು ಬಣ್ಣದ ಬಗ್ಗೆ, ಆಮೇಲೆ ಎಂಜಿನ್ನಿನ ಬಗ್ಗೆ. ಎಂಜಿನ್ನಿನ ಮಾತು ಬಂದೊಡನೆ ಕೇಳಿಬರುವ ಪ್ರಶ್ನೆಯೂ ಸಾಮಾನ್ಯವಾಗಿ ಒಂದೇ: ಎಷ್ಟು ಅಶ್ವಶಕ್ತಿಯದನ್ನು ಕೂರಿಸೋಣ? ವಿದ್ಯಾರ್ಥಿ ಮಿತ್ರರೇ, ಈ ಪ್ರಶ್ನೆಯನ್ನು ಕೊನೆಗೆ ಕೇಳಬೇಕು. ಗಾಡಿಯಿಂದ ನಾವು ಯಾವ ಕೆಲಸ ಬಯಸುತ್ತೇವೆ, ಎಂಜಿನ್ ಕೊಡುವುದನ್ನು ಗೇರುಪೆಟ್ಟಿಗೆ, ಹಿಂದಿನ ಆಕ್ಸಲ್ಲು ಮತ್ತು ಬ್ರೇಕುಗಳು ತಾಳಿಕೊಳ್ಳಬಲ್ಲವೇ ಎಂಬುದು ಮೊದಲ ಪ್ರಶ್ನೆ. ಕಿರುತೆರೆಯ ಮಾತುಕತೆಯಲ್ಲಿ ಎಂಜಿನ್ನಿನ ಸದ್ದನ್ನು ಕೇಳಿಸಬಹುದು. ಈ ಲೆಕ್ಕವನ್ನು ಮಾತ್ರ ಕಾಗದ ಪೆನ್ಸಿಲು ಹಿಡಿದೇ ಮಾಡಬೇಕಾಗುತ್ತದೆ.

ಲೆಕ್ಕಕ್ಕೆ ಒಂದು ನಿಜವಾದ ಗಾಡಿ ಬೇಕು. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1947ರ ಮಧ್ಯಭಾಗದಿಂದ 1955ರ ಆರಂಭದವರೆಗೆ ತಯಾರಿಸಿದ ಷೆವರ್ಲೆ 3100 ಎಂಬ ಅರ್ಧ ಟನ್ ಪಿಕಪ್ಪನ್ನು ತೆಗೆದುಕೊಳ್ಳೋಣ. ಉಬ್ಬಿದ ಮಡ್‌ಗಾರ್ಡು, ದುಂಡನೆಯ ಕ್ಯಾಬಿನ್ನು, ಮುಂದೆ ಅಡ್ಡಪಟ್ಟಿಗಳ ಜಾಲರಿ: ಚಿತ್ರ ನೋಡಿದವರು ಮರೆಯುವುದಿಲ್ಲ. ಅಮೆರಿಕದ ಹವ್ಯಾಸಿಗಳು ಇಂದಿಗೂ ಬಹಳವಾಗಿ ಕೈಗೆತ್ತಿಕೊಳ್ಳುವ ಹಳೆಯ ಪಿಕಪ್ಪುಗಳಲ್ಲಿ ಇದೂ ಒಂದು. ಷೆವರ್ಲೆ ಎಂಬ ಹೆಸರು ನಮ್ಮ ಹಿರಿಯರಿಗೂ ಹೊಸದಲ್ಲ. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲಿ ಜೋಡಣೆ ಕಾರ್ಖಾನೆ ತೆರೆದು, 1954ರಲ್ಲಿ ಮುಚ್ಚುವವರೆಗೂ ಈ ಹೆಸರಿನ ಕಾರು, ಲಾರಿಗಳನ್ನು ನಮ್ಮ ದೇಶದ ರಸ್ತೆಗಳಿಗೆ ಇಳಿಸಿತ್ತು.

3100 ಪಿಕಪ್ಪಿನ ಹೆಚ್ಚಿನ ವರ್ಷಗಳಲ್ಲಿ ಇದ್ದದ್ದು ಒಂದೇ ಸಾಲಿನಲ್ಲಿ ಆರು ಸಿಲಿಂಡರು ನಿಂತ, 216 ಘನ ಅಂಗುಲದ, ಅಂದರೆ ಸುಮಾರು ಮೂರೂವರೆ ಲೀಟರಿನ ಪೆಟ್ರೋಲ್ ಎಂಜಿನ್. ಇದರ ಗರಿಷ್ಠ ಸಾಮರ್ಥ್ಯ ನಿಮಿಷಕ್ಕೆ 3300 ಸುತ್ತಿನಲ್ಲಿ ಸುಮಾರು 90 ಅಶ್ವಶಕ್ತಿ. ಇಂದಿನ ಸಾಧಾರಣ ಕಾರೂ ಇದಕ್ಕೆ ಸರಿಸಾಟಿಯಾಗಿರುವಾಗ, ಇಷ್ಟು ದೊಡ್ಡ ಎಂಜಿನ್ನು ಇಷ್ಟೇ ಕೊಡುವುದೇ ಎಂದು ಮೂಗುಮುರಿಯುವವರುಂಟು. ಅವರು ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಮರೆತಿರುತ್ತಾರೆ.

ಗಾಣದ ಎತ್ತನ್ನು ನೆನೆಯಿರಿ. ಅದು ಓಡುವುದಿಲ್ಲ. ಆದರೆ ನೊಗಕ್ಕೆ ಕೊಡುವ ಎಳೆತ ಮೊದಲ ಹೆಜ್ಜೆಯಿಂದಲೇ ಪೂರ್ಣವಾಗಿರುತ್ತದೆ. ಪಂದ್ಯದ ಕುದುರೆ ಅದಕ್ಕಿಂತ ಎಷ್ಟೋ ಬೇಗ ಓಡೀತು, ಗಾಣಕ್ಕೆ ಕಟ್ಟಿದರೆ ಮಾತ್ರ ಕೆಲಸ ಸಾಗದು. ತಿರುಗಿಸುವ ಬಲವನ್ನು ತಿರುಗುವ ವೇಗದಿಂದ ಗುಣಿಸಿದರೆ ಸಾಮರ್ಥ್ಯ ದೊರೆಯುತ್ತದೆ. ನ್ಯೂಟನ್-ಮೀಟರಿನಲ್ಲಿರುವ ಟಾರ್ಕನ್ನು ನಿಮಿಷದ ಸುತ್ತುಗಳಿಂದ ಗುಣಿಸಿ, 9549ರಿಂದ ಭಾಗಿಸಿದರೆ ಕಿಲೋವಾಟ್ ಬರುತ್ತದೆ. ಇದನ್ನು ಹಿಂದುಮುಂದಾಗಿಯೂ ಮಾಡಬಹುದು. 90 ಅಶ್ವಶಕ್ತಿ ಎಂದರೆ ಸುಮಾರು 67 ಕಿಲೋವಾಟ್. ಅದನ್ನು 9549ರಿಂದ ಗುಣಿಸಿ 3300ರಿಂದ ಭಾಗಿಸಿದರೆ ಆ ವೇಗದಲ್ಲಿ ಎಂಜಿನ್ನಿನ ಟಾರ್ಕ್ ಸುಮಾರು 194 ಎಂದು ತಿಳಿಯುತ್ತದೆ. ಆದರೆ ಇದೇ ಎಂಜಿನ್ನಿನ ಗರಿಷ್ಠ ಟಾರ್ಕ್ ಸುಮಾರು 235, ಅದೂ ನಿಮಿಷಕ್ಕೆ 2000 ಸುತ್ತನ್ನು ದಾಟುವ ಮೊದಲೇ. ಬಲ ಕೆಳಗಡೆ ಇದೆ, ಮೇಲಕ್ಕೆ ಹೋದಂತೆ ಇಳಿಯುತ್ತದೆ. ಹುಲ್ಲು, ಹಾಲಿನ ಕ್ಯಾನು, ಗೊಬ್ಬರದ ಚೀಲ ಹೇರಿಕೊಂಡು ಹೊಲದ ದಾರಿಯಲ್ಲಿ ಏರು ಹತ್ತಬೇಕಾದ ಗಾಡಿಗೆ ಇದಕ್ಕಿಂತ ಒಪ್ಪುವ ಗುಣ ಬೇರೆ ಯಾವುದು?

ತೊಂದರೆ ಇರುವುದು ಬೇರೆ ಕಡೆ. 216 ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟಿನ ಮುಖ್ಯ ಬೇರಿಂಗುಗಳಿಗೆ ಎಣ್ಣೆ ಪಂಪಿನ ಒತ್ತಡದಿಂದ ಹೋಗುತ್ತದೆ. ಕನೆಕ್ಟಿಂಗ್ ರಾಡುಗಳ ಬೇರಿಂಗಿಗೆ ಹಾಗಲ್ಲ. ರಾಡಿನ ತಳದಲ್ಲಿ ಚಮಚದಂಥ ಚಿಕ್ಕ ಭಾಗವೊಂದಿದ್ದು, ಅದು ಕೆಳಗಿನ ತೊಟ್ಟಿಯಲ್ಲಿರುವ ಎಣ್ಣೆಯನ್ನು ಪ್ರತಿ ಸುತ್ತಿನಲ್ಲೂ ಮೊಗೆದುಕೊಳ್ಳುತ್ತದೆ. ಬಾವಿಯಿಂದ ಏತದಲ್ಲಿ ನೀರೆತ್ತುವ ಕ್ರಮ ನೆನಪಾಗುತ್ತದೆ. ಆ ಬೇರಿಂಗುಗಳೂ ಇಂದಿನಂತೆ ತೆಗೆದು ಹಾಕುವ ಚಿಪ್ಪುಗಳಲ್ಲ. ತವರ ಪ್ರಧಾನವಾದ ಬ್ಯಾಬಿಟ್ ಎಂಬ ಮೆದುಲೋಹವನ್ನು ಕರಗಿಸಿ ರಾಡಿನೊಳಕ್ಕೆ ಎರಕ ಹೊಯ್ದು, ಅಳತೆಗೆ ಕಡೆದು ಮಾಡಿದವು. ಐಸಾಕ್ ಬ್ಯಾಬಿಟ್ ಎಂಬಾತ 1839ರಲ್ಲಿ ಕಂಡುಹಿಡಿದ ಈ ಲೋಹವನ್ನು ನಮ್ಮ ಲೇತ್ ವರ್ಕ್‌ಶಾಪುಗಳಲ್ಲಿ ವೈಟ್ ಮೆಟಲ್ ಎನ್ನುತ್ತಾರೆ. ಎರಕ ಹೊಯ್ಯಬಲ್ಲ ಕೈಗಳು ಎಲ್ಲ ದೇಶಗಳಲ್ಲೂ ಕಡಿಮೆಯಾಗುತ್ತಿವೆ. ನಿಧಾನವಾಗಿ ಓಡಿಸಿದರೆ ಈ ವ್ಯವಸ್ಥೆ ಲಕ್ಷಾಂತರ ಗಾಡಿಗಳನ್ನು ದಶಕಗಳ ಕಾಲ ನಡೆಸಿದೆ. ಗಂಟೆಗಟ್ಟಲೆ ಹೆಚ್ಚಿನ ವೇಗದಲ್ಲಿ ಓಡಿಸಿದರೆ ಬೇರಿಂಗು ಬಿಸಿಯೇರಿ, ಸವೆದು, ಕೊನೆಗೆ ತಟತಟ ಬಡಿಯತೊಡಗುತ್ತದೆ.

ಹಾಗಾದರೆ ಹೆಚ್ಚಿನ ವೇಗ ಎಂದರೆ ಎಷ್ಟು? ಈ ಗಾಡಿಯ ಟೈರಿನ ವ್ಯಾಸ ಸುಮಾರು 71 ಸೆಂಟಿಮೀಟರ್; ಒಂದು ಸುತ್ತಿಗೆ ಚಕ್ರ 2.23 ಮೀಟರ್ ಮುಂದೆ ಸಾಗುತ್ತದೆ. ಗಂಟೆಗೆ 100 ಕಿಲೋಮೀಟರ್ ಎಂದರೆ ನಿಮಿಷಕ್ಕೆ 1667 ಮೀಟರ್, ಅಂದರೆ ಚಕ್ರಕ್ಕೆ 747 ಸುತ್ತು. ಹಿಂದಿನ ಆಕ್ಸಲ್ಲಿನ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ಅನುಪಾತ 4.11. ಟಾಪ್ ಗೇರಿನಲ್ಲಿ ಗೇರುಪೆಟ್ಟಿಗೆ ಎಂಜಿನ್ನಿನ ಸುತ್ತನ್ನು ಇದ್ದಂತೆಯೇ ಹಿಂದಕ್ಕೆ ಕಳಿಸುವುದರಿಂದ ಎಂಜಿನ್ 747ರ 4.11 ಪಟ್ಟು, ಅಂದರೆ ನಿಮಿಷಕ್ಕೆ ಸುಮಾರು 3070 ಸುತ್ತು ತಿರುಗಬೇಕು. ಅದರ ಗರಿಷ್ಠ ಸಾಮರ್ಥ್ಯದ ಮಿತಿ 3300 ಎಂಬುದನ್ನು ಆಗಲೇ ಹೇಳಿದೆವು. ಗಂಟೆಗೆ 60 ಕಿಲೋಮೀಟರಿನಲ್ಲಾದರೆ ಅದೇ ಎಂಜಿನ್ 1840 ಸುತ್ತಿನಲ್ಲಿ ನೆಮ್ಮದಿಯಾಗಿರುತ್ತದೆ. ಗಾಡಿಯನ್ನು ರೂಪಿಸಿದವರು ತಪ್ಪೇನೂ ಮಾಡಲಿಲ್ಲ. ಅಮೆರಿಕದಲ್ಲಿ ಅಂತರರಾಜ್ಯ ಹೆದ್ದಾರಿಗಳ ಜಾಲಕ್ಕೆ ಕಾನೂನು ಬಂದದ್ದು 1956ರಲ್ಲಿ; ಈ ಪಿಕಪ್ಪು ಅದಕ್ಕೂ ಹಿಂದಿನ ರಸ್ತೆಗಳ ಕೂಸು.

ಈ ಲೆಕ್ಕವನ್ನು ಮಾಡಿದವರಿಗೆ ಇನ್ನೊಂದು ವಿಷಯವೂ ಹೊಳೆಯಬೇಕು. ಎಂಜಿನ್ನನ್ನು ಮುಟ್ಟದೆಯೇ ಅದರ ಕಷ್ಟವನ್ನು ಕಡಿಮೆ ಮಾಡಬಹುದು. ಆಕ್ಸಲ್ಲಿನ ಅನುಪಾತವನ್ನು 3.55ಕ್ಕೆ ಇಳಿಸಿದರೆ 100 ಕಿಲೋಮೀಟರ್ ವೇಗದಲ್ಲಿ ಸುತ್ತು 2650ಕ್ಕೆ ಬರುತ್ತದೆ. ಓವರ್‌ಡ್ರೈವ್ ಇರುವ ಐದು ಗೇರಿನ ಪೆಟ್ಟಿಗೆ ಹಾಕಿ, ಮೇಲಿನ ಗೇರಿನ ಅನುಪಾತ 0.7 ಎಂದಿಟ್ಟುಕೊಂಡರೆ 2150ಕ್ಕೆ ಬರುತ್ತದೆ. ಹೊಸ ಎಂಜಿನ್ ಬೇಕು ಎಂದು ಹೊರಟವರಲ್ಲಿ ಎಷ್ಟೋ ಮಂದಿಗೆ ನಿಜವಾಗಿ ಬೇಕಾದದ್ದು ಹೊಸ ಗೇರು. ಆದರೆ ಅದೂ ಸರಾಗವಲ್ಲ. 1954ರವರೆಗಿನ 3100ರಲ್ಲಿ ಪ್ರೊಪೆಲ್ಲರ್ ಶಾಫ್ಟು ಬಯಲಿನಲ್ಲಿರದೆ ದಪ್ಪ ಕೊಳವೆಯೊಳಗೆ ಅಡಗಿರುತ್ತದೆ. ಆ ಕೊಳವೆ ಗೇರುಪೆಟ್ಟಿಗೆಗೂ ಆಕ್ಸಲ್ಲಿಗೂ ಬಿಗಿದುಕೊಂಡಿರುತ್ತದೆ, ಗಾಡಿಯನ್ನು ಮುಂದಕ್ಕೆ ತಳ್ಳುವ ಬಲವೂ ಅದರ ಮೂಲಕವೇ ಸಾಗುತ್ತದೆ. ಗೇರುಪೆಟ್ಟಿಗೆ ಬದಲಾಯಿಸಿದರೆ ಕೊಳವೆಯೂ, ಅದರೊಡನೆ ಸಾಮಾನ್ಯವಾಗಿ ಇಡೀ ಹಿಂದಿನ ಆಕ್ಸಲ್ಲೂ ಬದಲಾಗಬೇಕು. ಒಂದು ದಾರ ಎಳೆದರೆ ಸೀರೆಯೇ ಬಿಚ್ಚುವ ಹಾಗೆ.

ಈಗ ಆಯ್ಕೆಗಳಿಗೆ ಬರೋಣ. ಹಳೆಯ ಎಂಜಿನ್ನನ್ನು ಬೀಳುಗೆಡವುವ ಮೊದಲು ಅದರ ನಾಡಿ ನೋಡುವುದು ಧರ್ಮ. ಎಂಜಿನ್ ತಿರುಗುತ್ತಿದ್ದರೆ ಅದನ್ನು ಬಿಸಿ ಮಾಡಿ, ಎಲ್ಲ ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಪ್ರತಿ ಸಿಲಿಂಡರಿನ ಒತ್ತಡವನ್ನು ಗೇಜಿನಿಂದ ಅಳೆಯುತ್ತಾರೆ. ಆರೂ ಅಳತೆಗಳು ಒಂದಕ್ಕೊಂದು ಹತ್ತಿರವಿದ್ದರೆ ಒಳ್ಳೆಯ ಸೂಚನೆ. ಒಂದರಲ್ಲಿ ಮಾತ್ರ ಒತ್ತಡ ಬಿದ್ದಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಅಳತೆ ಏರಿದರೆ ಸವೆದಿರುವುದು ಪಿಸ್ಟನ್ ರಿಂಗು ಅಥವಾ ಸಿಲಿಂಡರು. ಏರದಿದ್ದರೆ ದೋಷ ವಾಲ್ವಿನಲ್ಲಿ ಅಥವಾ ಹೆಡ್ ಗ್ಯಾಸ್ಕೆಟ್ಟಿನಲ್ಲಿ. ಒಂದು ಚಮಚ ಎಣ್ಣೆಯಿಂದ ಇಷ್ಟು ತಿಳಿಯುವುದು ನನಗೆ ಇಂದಿಗೂ ಸೊಗಸಾಗಿ ಕಾಣುತ್ತದೆ. ಬ್ಲಾಕು ಸೀಳಿಲ್ಲ, ಕ್ರ್ಯಾಂಕು ಸರಿಯಿದೆ ಎಂದಾದರೆ ರೀಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿ, ಮೂಲ ಎಂಜಿನ್ನನ್ನೇ ಉಳಿಸಿಕೊಳ್ಳಬಹುದು. ಮೆರವಣಿಗೆ, ಪ್ರದರ್ಶನ, ಊರೊಳಗಿನ ಓಡಾಟ ಇಷ್ಟೇ ಉದ್ದೇಶವಾದರೆ ಇದಕ್ಕಿಂತ ಬೇರೆ ಬೇಡ. ರಬ್ಬರಿನ ಭಾಗಗಳ ಬಗ್ಗೆ ಮಾತ್ರ ಎಚ್ಚರ ಬೇಕು: ಎಥನಾಲ್ ಬೆರೆತ ಇಂದಿನ ಪೆಟ್ರೋಲು ಹಳೆಯ ಪೈಪು, ಪಂಪಿನ ಪೊರೆಗಳನ್ನು ಮೆತ್ತಗಾಗಿಸಿ ಒಡೆಯುವಂತೆ ಮಾಡಬಲ್ಲದು.

ಮೂಲ ಎಂಜಿನ್ ಕೈಮೀರಿದ್ದರೆ, ಅಥವಾ ಸ್ವಲ್ಪ ದೂರದ ಪ್ರಯಾಣವೂ ಬೇಕೆಂದಿದ್ದರೆ, ಅದೇ ಮನೆತನದ ಕಿರಿಯ ತಮ್ಮನಿದ್ದಾನೆ. ಸುಮಾರು 3.9 ಲೀಟರಿನ, 235 ಘನ ಅಂಗುಲದ ಆರು ಸಿಲಿಂಡರು. ಇದರ ಹಳೆಯ ರೂಪಗಳಲ್ಲೂ ಚಮಚದ ವ್ಯವಸ್ಥೆಯೇ ಇತ್ತು. 1954ರಿಂದ ಪಿಕಪ್ಪಿಗೆ ಬಂದ ರೂಪದಲ್ಲಿ ರಾಡಿನ ಬೇರಿಂಗುಗಳಿಗೂ ಪಂಪಿನ ಒತ್ತಡದ ಎಣ್ಣೆ ದೊರೆಯಿತು, ಬದಲಾಯಿಸಬಹುದಾದ ಚಿಪ್ಪು ಬೇರಿಂಗುಗಳೂ ಬಂದವು. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರನ್ನು ಗುರುತಿಸುವುದು ಕಷ್ಟ. ನೀರಿನ ಪಂಪಿನಂಥ ಒಂದೆರಡು ಕಡೆ ಹೊಂದಿಸಿಕೊಂಡರೆ ಹಳೆಯ ಜಾಗದಲ್ಲೇ ಕೂರುತ್ತದೆ. ಒಂದು ಚಿಕ್ಕ ವಿಷಯ ಕೇಳಿ: ಹಳೆಯ ಗಾಡಿಯ ಡ್ಯಾಷ್‌ಬೋರ್ಡಿನಲ್ಲಿರುವ ಎಣ್ಣೆ ಒತ್ತಡದ ಮಾಪಕ 30 ಪೌಂಡಿನವರೆಗೆ ಮಾತ್ರ ಗುರುತುಳ್ಳದ್ದು. 216ಕ್ಕೆ ಅದು ಸಾಕಾಗಿತ್ತು. ಹೊಸ 235 ಕೂರಿಸಿದರೆ ಮುಳ್ಳು ಕೊನೆಗೆ ಹೋಗಿ ಬಡಿದು ನಿಲ್ಲುತ್ತದೆ. 60 ಪೌಂಡಿನ ಮಾಪಕವನ್ನೂ ಹುಡುಕಿಡಬೇಕು.

ಹವ್ಯಾಸಿಗಳಲ್ಲಿ ಹೆಚ್ಚಿನವರ ಮನಸ್ಸು ಓಡುವುದು ವಿ-8 ಕಡೆಗೆ. ಎಂಟು ಸಿಲಿಂಡರುಗಳು ನಾಲ್ಕು ನಾಲ್ಕಾಗಿ ವಿ ಅಕ್ಷರದ ಆಕಾರದಲ್ಲಿ ನಿಂತ ಈ ಎಂಜಿನ್ನನ್ನು ಷೆವರ್ಲೆ 1955ರಲ್ಲಿ 265 ಘನ ಅಂಗುಲದಲ್ಲಿ ಹೊರತಂದಿತು. ಸ್ಮಾಲ್ ಬ್ಲಾಕ್ ಎಂದೇ ಹೆಸರಾದ ಇದರ ತೂಕ ಹಳೆಯ ಆರು ಸಿಲಿಂಡರಿಗಿಂತ ಹೆಚ್ಚಲ್ಲ, ಸ್ವಲ್ಪ ಕಡಿಮೆಯೇ. 1967ರಲ್ಲಿ ಬಂದ 350 ಘನ ಅಂಗುಲದ, ಅಂದರೆ 5.7 ಲೀಟರಿನ ರೂಪ ಎಷ್ಟು ಜನಪ್ರಿಯವಾಯಿತೆಂದರೆ, ಹೊಸದಾಗಿ ಪೆಟ್ಟಿಗೆಯಲ್ಲಿಟ್ಟು ಮಾರುವ ಕ್ರೇಟ್ ಎಂಜಿನ್ನುಗಳಲ್ಲಿ 290 ಅಶ್ವಶಕ್ತಿಯ ಅದರ ಒಂದು ಮಾದರಿ ಮನೆಮಾತಾಯಿತು. ಮೂಲ ಎಂಜಿನ್ನಿನ ಮೂರು ಪಟ್ಟಿಗೂ ಮಿಗಿಲು! ಬಿಡಿಭಾಗಗಳೂ ಅಗ್ಗ, ಕಾರ್ಬ್ಯುರೇಟರಿನ ಎಂಜಿನ್ನಾದ್ದರಿಂದ ಅದರ ಕೆಲಸ ತಿಳಿದ ಮೆಕ್ಯಾನಿಕ್ಕುಗಳೂ ಬಹಳ.

ಕೂರಿಸಲು ಹೊರಟಾಗ ಮಾತ್ರ ಜಾಗದ ಜಗಳ ಶುರುವಾಗುತ್ತದೆ. ಮೂಲ ಎಂಜಿನ್ ಉದ್ದ ಹೆಚ್ಚು, ಅಗಲ ಕಡಿಮೆ. ವಿ-8 ಅದಕ್ಕೆ ತದ್ವಿರುದ್ಧ. ಎಡಗಡೆಯ ಎಕ್ಸಾಸ್ಟ್ ಮ್ಯಾನಿಫೋಲ್ಡು ಸ್ಟೀರಿಂಗ್ ಬಾಕ್ಸಿಗೆ ತಾಗುತ್ತದೆ; ಹಿಂಭಾಗದಲ್ಲಿರುವ ಡಿಸ್ಟ್ರಿಬ್ಯೂಟರು ಕ್ಯಾಬಿನ್ನಿನ ಮುಂಗೋಡೆಗೆ ಹತ್ತಿರ ಬರುತ್ತದೆ. ಹೊಸ ಮೌಂಟಿಂಗು, ದೊಡ್ಡ ರೇಡಿಯೇಟರು, ಆರು ವೋಲ್ಟಿನ ಬದಲು ಹನ್ನೆರಡು ವೋಲ್ಟಿನ ವೈರಿಂಗು, ಮೇಲೆ ಹೇಳಿದ ಗೇರುಪೆಟ್ಟಿಗೆ ಮತ್ತು ಆಕ್ಸಲ್ಲು, ಇವೆಲ್ಲ ಸೇರಿ ಎಂಜಿನ್ನಿಗಿಂತ ಅದರ ಪರಿವಾರದ ಖರ್ಚೇ ಮುಂದಾಗುತ್ತದೆ.

ಖರ್ಚಿನ ಮಾತು ಹಾಗಿರಲಿ. ಬ್ರೇಕಿನ ಮಾತನ್ನು ಬಿಡುವಂತಿಲ್ಲ. ಷೆವರ್ಲೆ 3100ರ ನಾಲ್ಕೂ ಚಕ್ರಗಳಲ್ಲಿರುವುದು ಡ್ರಮ್ ಬ್ರೇಕು. ಅವಕ್ಕೆಲ್ಲ ಕ್ಯಾಬಿನ್ನಿನ ನೆಲದ ಕೆಳಗಿರುವ ಒಂದೇ ಮಾಸ್ಟರ್ ಸಿಲಿಂಡರಿನಿಂದ ಒಂದೇ ಜಾಲದಲ್ಲಿ ಆಯಿಲ್ ಹೋಗುತ್ತದೆ. ಎಲ್ಲಾದರೂ ಒಂದು ಪೈಪು ಒಡೆದರೆ ಪೆಡಲು ನೆಲ ಮುಟ್ಟುತ್ತದೆ, ನಾಲ್ಕು ಚಕ್ರವೂ ಹಿಡಿಯುವುದಿಲ್ಲ. ಇನ್ನು ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದದ್ದು ಎಂದು ಭೌತಶಾಸ್ತ್ರದ ತರಗತಿಯಲ್ಲಿ ಓದಿದ್ದೀರಿ. ಗಂಟೆಗೆ 70 ಕಿಲೋಮೀಟರಿನಲ್ಲಿ ಓಡುತ್ತಿದ್ದ ಗಾಡಿ ಹೊಸ ಎಂಜಿನ್ನಿನಿಂದ 110ರಲ್ಲಿ ಓಡತೊಡಗಿದರೆ, ನಿಲ್ಲಿಸುವಾಗ ಬ್ರೇಕುಗಳು ಶಾಖವಾಗಿ ಹೊರಹಾಕಬೇಕಾದ ಶಕ್ತಿ ಹೆಚ್ಚುಕಡಿಮೆ ಎರಡೂವರೆ ಪಟ್ಟಾಗುತ್ತದೆ. ಡ್ರಮ್ಮು ಕಾದಂತೆ ಹಿಡಿತ ಸಡಿಲವಾಗುತ್ತದೆ. ಮುಂದಿನ ಆಕ್ಸಲ್ಲೂ ಕಿಂಗ್‌ಪಿನ್ನಿನ, ಪಾಟಾ ಸ್ಪ್ರಿಂಗಿನ ಗಟ್ಟಿ ಆಕ್ಸಲ್ಲು; ಆ ವೇಗದಲ್ಲಿ ತಿರುವು ತೆಗೆಯಲು ಅದನ್ನು ಮಾಡಿದ್ದಲ್ಲ. ಆದ್ದರಿಂದ ವಿ-8 ಕೂರಿಸುವವರು ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಹಿಂದೆ ಮುಂದೆ ಪ್ರತ್ಯೇಕವಾದ ಎರಡು ಜಾಲಗಳ ಮಾಸ್ಟರ್ ಸಿಲಿಂಡರು, ಇವನ್ನು ಎಂಜಿನ್ನಿಗಿಂತ ಮೊದಲು ಕೊಳ್ಳಬೇಕು. ದುಡ್ಡು ಮುಗಿದಾಗ ಉಳಿದುಹೋಗುವ ಕೆಲಸ ಬ್ರೇಕಿನದ್ದಾಗಬಾರದು. ಮೂಲ ಎಂಜಿನ್ ಉಳಿಸಿಕೊಂಡವರಿಗೂ ಎರಡು ಜಾಲದ ಮಾಸ್ಟರ್ ಸಿಲಿಂಡರು ಒಳ್ಳೆಯದೇ. ಶುದ್ಧ ಸಂಪ್ರದಾಯವಾದಿಗಳು ಒಪ್ಪಲಿಕ್ಕಿಲ್ಲ, ನಾನು ಮಾತ್ರ ಹಾಕಿಸುವ ಪಕ್ಷ.

ಇತ್ತೀಚಿನ ದಶಕಗಳಲ್ಲಿ 350ರ ಜಾಗಕ್ಕೆ ಎಲ್‌ಎಸ್ ಸರಣಿ ಬಂದಿದೆ. 1997ರಲ್ಲಿ ಕಾರ್ವೆಟ್ ಕಾರಿನಲ್ಲಿ ಮೊದಲು ಕಂಡ ಈ ಎಂಜಿನ್ನಿನ ಎರಕ ಕಬ್ಬಿಣದ ಬ್ಲಾಕಿನ ರೂಪಗಳು 1999ರ ಮಾದರಿಯ ಸಿಲ್ವರಾಡೊ ಪಿಕಪ್ಪುಗಳಲ್ಲಿ ಬಂದವು. ಅವುಗಳಲ್ಲಿ 5.3 ಲೀಟರಿನದು ಆರಂಭದಲ್ಲೇ 270 ಅಶ್ವಶಕ್ತಿ ಕೊಡುತ್ತಿತ್ತು. ಅಪಘಾತಕ್ಕೀಡಾದ ಗಾಡಿಗಳಿಂದ ಇಳಿಸಿದ ಎಂಜಿನ್ನುಗಳು ಅಲ್ಲಿನ ಗುಜರಿಗಳಲ್ಲಿ ಹೇರಳ. ಚಳಿಯಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಹೊಗೆ ಕಡಿಮೆ, ಪೆಟ್ರೋಲೂ ಮಿತ. ಆದರೆ ಅದಕ್ಕೆ ಕಂಪ್ಯೂಟರು ಬೇಕು, ಸಂವೇದಕಗಳ ತಂತಿಗಳ ಜಡೆ ಬೇಕು, ವಾತಾವರಣದ ಸುಮಾರು ನಾಲ್ಕು ಪಟ್ಟು ಒತ್ತಡದಲ್ಲಿ ಪೆಟ್ರೋಲ್ ಒದಗಿಸುವ ಪಂಪು ಬೇಕು. 1949ರಿಂದಾಚೆಗಿನ ಈ ಪಿಕಪ್ಪುಗಳಲ್ಲಿ ಪೆಟ್ರೋಲ್ ಟ್ಯಾಂಕು ಇರುವುದು ಕ್ಯಾಬಿನ್ನಿನ ಒಳಗೆ, ಸೀಟಿನ ಬೆನ್ನಿಗೆ! ಅಂಥ ಒತ್ತಡದ ಪೈಪನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೂರುವುದಕ್ಕಿಂತ ಟ್ಯಾಂಕನ್ನು ಹಿಂದೆ ಚಾಸಿಯ ನಡುವೆ ಇಳಿಸುವುದು ಕ್ಷೇಮ.

ಡೀಸೆಲ್ ಹಾಕುವವರೂ ಇದ್ದಾರೆ. ಕಮ್ಮಿನ್ಸ್ ಕಂಪನಿಯ ನಾಲ್ಕು ಸಿಲಿಂಡರಿನ, 3.9 ಲೀಟರಿನ ಎಂಜಿನ್ ಇದಕ್ಕೆ ಹೆಸರಾದದ್ದು. ಇದರ ಆರು ಸಿಲಿಂಡರಿನ ಅಣ್ಣ, ಟಾಟಾ ಕಮ್ಮಿನ್ಸ್ ಮೂಲಕ ನಮ್ಮ ಜಮ್‌ಶೆಡ್‌ಪುರದಲ್ಲೇ ಲಾರಿಗಳಿಗಾಗಿ ತಯಾರಾದವನು. ಎಳೆಯುವ ಬಲ ಅಪಾರ, ಇಂಧನ ಮಿತ. ತೂಕ ಮುನ್ನೂರು ಕಿಲೋಗ್ರಾಂ ದಾಟುತ್ತದೆ, ಅದುರುವಿಕೆಗೆ ಹಳೆಯ ಕ್ಯಾಬಿನ್ನಿನ ತಗಡುಗಳು ತಾಳ ಹಾಕುತ್ತವೆ. ಭಾರ ಎಳೆಯುವ ನಿಜವಾದ ಕೆಲಸವಿಲ್ಲದಿದ್ದರೆ ಇದು ಬೇಡ.

ವಿದ್ಯುತ್ ಮೋಟಾರೂ ಈಗ ಪಟ್ಟಿಗೆ ಸೇರಿದೆ. ಷೆವರ್ಲೆ 2019ರಲ್ಲಿ 1962ರ ತನ್ನ ಸಿ-10 ಪಿಕಪ್ಪಿಗೂ, ಫೋರ್ಡ್ 2021ರಲ್ಲಿ 1978ರ ಎಫ್-100 ಪಿಕಪ್ಪಿಗೂ ಮೋಟಾರು ಕೂರಿಸಿ ಪ್ರದರ್ಶಿಸಿದವು. ಗಾಣದ ಎತ್ತಿನ ಗುಣ ಇಲ್ಲಿ ಪೂರ್ಣವಾಗಿದೆ: ನಿಂತಲ್ಲಿಂದಲೇ ಗರಿಷ್ಠ ಟಾರ್ಕ್. ತೂಕವೂ ಬೆಲೆಯೂ ಮೋಟಾರಿನಲ್ಲಿಲ್ಲ, ಬ್ಯಾಟರಿಯಲ್ಲಿದೆ.

ಇಷ್ಟೆಲ್ಲ ಆಯ್ಕೆಗಳಿರುವಾಗ ಜೀರ್ಣೋದ್ಧಾರ ಎಲ್ಲಿ ಮುಗಿಯಿತು, ಮಾರ್ಪಾಡು ಎಲ್ಲಿ ಆರಂಭವಾಯಿತು? ಕಲ್ಲಿನ ದೇಗುಲಕ್ಕೆ ಆಯಿಲ್ ಪೇಂಟ್ ಬಳಿದು ಜೀರ್ಣೋದ್ಧಾರ ಎಂದು ಫಲಕ ಹಾಕಿದ್ದನ್ನು ನಾವೆಲ್ಲ ಕಂಡಿದ್ದೇವೆ. ವಾಹನದಲ್ಲಿ ನಾನು ಹಾಕಿಕೊಂಡಿರುವ ಗೆರೆ ಸರಳ: ಬೋಲ್ಟು ಬಿಚ್ಚಿ ಹಿಂದಿನ ಸ್ಥಿತಿಗೆ ತರಬಹುದಾದ ಬದಲಾವಣೆ ಒಂದು ಜಾತಿ, ಚಾಸಿಯನ್ನೋ ಕ್ಯಾಬಿನ್ನಿನ ಗೋಡೆಯನ್ನೋ ಕತ್ತರಿಸಿ ಬೆಸುಗೆ ಹಾಕಿದ್ದು ಇನ್ನೊಂದು. 235 ಎಂಜಿನ್ ಮೊದಲ ಜಾತಿಯದು. ಕ್ಯಾಬಿನ್ನು ತುಕ್ಕು ಹಿಡಿದು, ಮೂಲ ಎಂಜಿನ್ ಎಂದೋ ಕಳೆದುಹೋದ ಗಾಡಿಗೆ ವಿ-8 ಹಾಕಿದರೆ ನನ್ನ ಆಕ್ಷೇಪವಿಲ್ಲ. ಪೂರ್ಣವಾಗಿ ಉಳಿದುಬಂದ ಗಾಡಿಯನ್ನು ಕತ್ತರಿಸುವುದನ್ನು ನೋಡಿದರೆ ಮಾತ್ರ ಹೊಟ್ಟೆ ಉರಿಯುತ್ತದೆ.

ನಮ್ಮ ದೇಶದಲ್ಲಿ ಈ ಗೆರೆಯನ್ನು ಕಾನೂನೇ ಎಳೆದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಎಂಜಿನ್ ಬದಲಾಯಿಸಬೇಕಾದರೆ ನೋಂದಣಿ ಪ್ರಾಧಿಕಾರದ, ಅಂದರೆ ನಮ್ಮ ಮಾತಿನ ಆರ್‌ಟಿಓ ಕಚೇರಿಯ, ಒಪ್ಪಿಗೆ ಮೊದಲೇ ಬೇಕು. ಅದಲ್ಲದೆ ವಿಂಟೇಜ್ ವಾಹನಗಳ ನೋಂದಣಿಗೆಂದು ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ನಿಯಮ ತಂದಿತು. ಐವತ್ತು ವರ್ಷ ಮೀರಿದ್ದು, ಮೂಲ ರೂಪದಲ್ಲೇ ಉಳಿದಿದ್ದು, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರದ ವಾಹನಕ್ಕೆ ಮಾತ್ರ ಆ ಮನ್ನಣೆ. ಅಲ್ಲಿಗೆ, ಹೊಸ ವಿ-8 ಎಂಜಿನ್ನಿನ ಸದ್ದು ಎಷ್ಟೇ ಇಂಪಾಗಿದ್ದರೂ ಈ ಬಾಗಿಲು ಮುಚ್ಚಿಹೋಗುತ್ತದೆ.

ಹೀಗಾಗಿ ಎಂಜಿನ್ ಇಳಿಸುವ ಮೇಸ್ತ್ರಿಗೆ ಮೊದಲ ದಿನವೇ ಒಂದು ಕೆಲಸ ಹೇಳಬೇಕು. ಹಳೆಯ ಷೆವರ್ಲೆ ಆರು ಸಿಲಿಂಡರಿನ ಬ್ಲಾಕಿನ ಬಲಮಗ್ಗುಲಲ್ಲಿ, ಡಿಸ್ಟ್ರಿಬ್ಯೂಟರಿನ ಬಳಿ, ಸಪಾಟಾದ ಚಿಕ್ಕ ಜಾಗವೊಂದರಲ್ಲಿ ಎಂಜಿನ್ ಸಂಖ್ಯೆಯನ್ನು ಒತ್ತಿರುತ್ತಾರೆ. ಜಿಡ್ಡನ್ನು ಸೀಮೆಎಣ್ಣೆಯಿಂದ ಒರೆಸಿ, ಉಜ್ಜುಗಾಗದ ತಾಗಿಸದೆ, ಆ ಸಂಖ್ಯೆಯನ್ನು ಬರೆದುಕೊಂಡು ಫೋಟೋ ತೆಗೆದಿಡಬೇಕು. ಇಳಿಸಿದ ಎಂಜಿನ್ನನ್ನು ಗುಜರಿಗೆ ಹಾಕದೆ, ಪ್ರತಿ ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು ಪ್ಲಗ್ಗುಗಳನ್ನು ಮತ್ತೆ ಬಿಗಿದು, ಕಾರ್ಬ್ಯುರೇಟರಿನ ಬಾಯಿಗೆ ಬಟ್ಟೆ ಕಟ್ಟಿ, ನೆಲದ ತೇವ ತಾಗದಂತೆ ಮರದ ದಿಮ್ಮಿಗಳ ಮೇಲೆ ಇಡಿಸಬೇಕು.